ಹದಿನಾಲ್ಕು ಹೊಕ್ಕುಳಬಳ್ಳಿ

ಪೊಂತಾ ಕಲಾದ ಎಂಬ ಮೀನುಗಾರರ ಊರಿನ ಇಗರ್ಜಿಯ ಮಾಡು ಬಿದ್ದು ಇನ್ನೂರು ವರ್ಷವಾದರೂ ಆಗಿರಬೇಕು. ಉಳಿದದ್ದು ಮೂರು ಗೋಡೆ, ಗಂಟೆಯಿಲ್ಲದ ಒಂದು ಗಂಟೆಗೂಡು, ಒಳಗೆ ಮೇಯುವ ಆಡುಗಳು. ಕಡಲ ಕಡೆಯ ಗೋಡೆಯ ನೆತ್ತಿಯಲ್ಲಿ ಆಲದ ಜಾತಿಯ ಮರವೊಂದು ಹುಟ್ಟಿ, ಬೇರುಗಳನ್ನು ನೆಲದವರೆಗೆ ಇಳಿಬಿಟ್ಟು ಆರಾಮಾಗಿ ಕೂತಿದೆ. ಅದನ್ನು ಕಡಿಯುತ್ತಾರಂತೆ ಎಂಬ ಸುದ್ದಿ ಮಂಗಳವಾರ ಬೆಳಿಗ್ಗೆ ಬಂದಾಗ ಜಾಂದೀರ ಮರಗೆಣಸಿನ ಹಿಟ್ಟಿನ ರೊಟ್ಟಿ ಮಗುಚುತ್ತಿದ್ದಳು. ರೊಟ್ಟಿ ಸೀದು ಕರಕಲಾಯಿತು.

ಊರಲ್ಲಿ ಸ್ವಂತ ಹಾಯಿತೆಪ್ಪ ಇರುವ ಹೆಂಗಸು ಅವಳೊಬ್ಬಳೇ. ಗಂಡುಮಕ್ಕಳಿಲ್ಲದ ಅಪ್ಪ ಸಾಯುವಾಗ ಅವಳ ಕಿವಿಯಲ್ಲಿ ಒಂದು ಮುಳುಗುಬಂಡೆಯ ಜಾಗ ಹೇಳಿ ಕಣ್ಣು ಮುಚ್ಚಿದ್ದ. ಕೆಂಪು ಮೀನುಗಳು ಅಲ್ಲಿ ಸಂತೆ ಸೇರುತ್ತವೆ. ನೀರಿನಲ್ಲಿ ಮುಳುಗಿದ ಬಂಡೆಯನ್ನು ದಡ ನೋಡಿಯೇ ಹುಡುಕಬೇಕು. ಅದಕ್ಕೆ ಎರಡು ಗುರುತು ಬೇಕು. ಕಡಲಿನಿಂದ ನೋಡಿದಾಗ ಆ ಮರ ಗಂಟೆಗೂಡಿನ ಕಮಾನಿನ ನೇರಕ್ಕೆ ಸರಿಯಾಗಿ ಬಂದು ನಿಂತರೆ ಅದು ಮೊದಲನೆಯ ಗುರುತು. ಎರಡನೆಯದನ್ನು ಇಲ್ಲಿ ಬರೆದರೆ ಜಾಂದೀರ ನನ್ನನ್ನು ಊರು ಬಿಡಿಸುತ್ತಾಳೆ.

ಪ್ರತಿ ಮನೆಗೂ ಇಂಥದೊಂದು ಗುಟ್ಟಿದೆ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಕೇಳುವವನು ಅವಳ ಸೋದರತ್ತೆಯ ಮಗ ಬೆರೀಲೊ ಒಬ್ಬನೇ. ನಲವತ್ತು ವರ್ಷದಿಂದ ದಿನಾ ದಡದಲ್ಲಿ ಅದೇ ಪ್ರಶ್ನೆ.

"ಎಲ್ಲಿ ಹಿಡಿದೆಯೇ ಇಷ್ಟು ದೊಡ್ಡದನ್ನ?"

"ನಿನ್ನ ಹೆಂಡತಿಯ ತವರಲ್ಲಿ! ಹೋಗೋ, ಕೆಲಸ ನೋಡ್ಕೋ."

ಅವನ ಕಣ್ಣು ತಪ್ಪಿಸಲೆಂದೇ ಜಾಂದೀರ ಮೊದಲು ಉತ್ತರಕ್ಕೆ ಹೋಗುತ್ತಿದ್ದಳು. ಬರಿದೇ ಗಾಳ ಬಿಟ್ಟು ನಾಟಕ ಮಾಡಿ, ಆಮೇಲೆ ಸುತ್ತು ಹಾಕಿ ಬಂಡೆ ಸೇರುತ್ತಿದ್ದಳು. ಬೆರೀಲೊನ ತೆಪ್ಪ ಅಲ್ಲಿಂದ ಇನ್ನೂ ಆಚೆ, ಕಡಲ ಕಡೆಗೆ ಇರುತ್ತಿತ್ತು. ಅವಳು ಬಂದದ್ದು ಕಂಡರೆ ಸಾಕು, ಮಹಾರಾಯ ಬೆನ್ನು ತಿರುಗಿಸಿ ಕೂರುತ್ತಿದ್ದ. ಎಷ್ಟು ಜಂಬ ಇವನಿಗೆ ಎಂದು ಅವಳು ಉಗುಳುತ್ತಿದ್ದಳು.

ಶನಿವಾರ ಮಧ್ಯಾಹ್ನ ಇಗರ್ಜಿಯೊಳಗೇ ಸಭೆ ಸೇರಿತು. ಆಡುಗಳನ್ನು ಓಡಿಸಿ ಬೆಂಚು ಹಾಕಿದ್ದರು. ಪಟ್ಟಣದಿಂದ ಬಂದಿದ್ದ ಇಂಜಿನಿಯರ್ ಲೀವಿಯ ಒಳ್ಳೆಯ ಹುಡುಗಿ. ಬೇರು ಗೋಡೆಯನ್ನು ಸೀಳುತ್ತಿದೆ, ಹಳೆಯ ಕಟ್ಟಡ ಉಳಿಯಬೇಕಾದರೆ ಮರ ಹೋಗಬೇಕು ಎಂದು ಬಿಡಿಸಿ ಹೇಳಿದಳು.

"ಯಾರಿಗಾದ್ರೂ ತಕರಾರಿದ್ರೆ ಈಗಲೇ ಹೇಳಿ. ಬಾಯಿಮಾತು ಸಾಲದು, ಕಾರಣ ಬೇಕು."

ಜಾಂದೀರ ಒಳಗೊಳಗೇ ಲೆಕ್ಕ ಹಾಕಿದಳು. ಹೇಳಿದರೆ ಗುಟ್ಟು ಇಡೀ ಊರಿನ ಪಾಲು. ಹೇಳದಿದ್ದರೆ ಅಪ್ಪನ ಬಂಡೆ ಕಡಲ ಪಾಲು. ಲಂಗದ ಅಂಚನ್ನು ಮುದುಡಿ ಹಿಡಿದು ಎದ್ದು ನಿಂತಳು.

"ಆ ಮರ... ಅದು ನನಗೆ..."

"ಕೂತ್ಕೊಳೇ ನೀನು!" ಹಿಂದಿನ ಬೆಂಚಿನಿಂದ ಬೆರೀಲೊ ಗದರಿದ. "ಎಲ್ಲದಕ್ಕೂ ಮೂಗು ತೂರಿಸ್ಬೇಡ. ನೋಡಿಯಮ್ಮ ಇಂಜಿನಿಯರ್, ಆ ಮರದ ಬೇರಿನ ಕೆಳಗೆ ನನ್ನ ಹೊಕ್ಕುಳಬಳ್ಳಿ ಹೂತಿದೆ. ನಮ್ಮಲ್ಲಿ ಅದನ್ನ ಅಲುಗಿಸಿದ್ರೆ ಮನುಷ್ಯ ನೆಲೆ ಇಲ್ಲದೆ ಅಲೀತಾನೆ. ಈ ವಯಸ್ಸಲ್ಲಿ ನಾನು ಎಲ್ಲಿಗಂತ ಹೋಗ್ಲಿ?"

ಸಭೆಯವರೆಲ್ಲ ಹಿಂದಿನ ಬೆಂಚಿನ ಕಡೆ ತಿರುಗಿದರು. ಬೆರೀಲೊನ ಹೊಕ್ಕುಳಬಳ್ಳಿ ಇರುವುದು ಅವನ ಮನೆಯ ಹೊಸ್ತಿಲ ಬುಡದಲ್ಲಿ. ಅವನು ಕುಡಿದು ಬಂದಾಗಲೆಲ್ಲ ಅವನಮ್ಮ ಅದೇ ಹೊಸ್ತಿಲಿಗೆ ಕಾಲು ಕುಟ್ಟಿ, ಇದನ್ನು ಕಡಲಿಗೆ ಎಸೆದಿದ್ದರೆ ಚೆನ್ನಾಗಿತ್ತು ಎಂದು ಕೂಗುತ್ತಿದ್ದದ್ದು ಊರಿಗೆಲ್ಲ ಗೊತ್ತು. ಆದರೆ ಯಾರಾದರೂ ದಡದ ಕಲ್ಲನ್ನೋ ಮರವನ್ನೋ ಹೀಗೆ ಕಾಪಾಡಲು ಹೊರಟರೆ ಅದು ಯಾರದೋ ಬಂಡೆಯ ಗುರುತೆಂದೂ ಊರಿಗೆ ಗೊತ್ತು. ಮೂರು ಉಸಿರು ಕಳೆಯುವಷ್ಟರಲ್ಲಿ ಮುದುಕಿ ಫಿಲೊಮೇನ ಕೈಯೆತ್ತಿದಳು.

"ನಂದೂ ಅಲ್ಲೇ ಇರೋದು ಮಗಾ."

"ನಂದೂ!" "ನಮ್ಮ ಮನೆಯ ಮೂವರದ್ದೂ!" ಒಬ್ಬರ ಹಿಂದೆ ಒಬ್ಬರು ಎದ್ದರು. ನಲವತ್ತು ಹರದಾರಿ ಆಚೆ ಹುಟ್ಟಿ ಮದುವೆಯಾದ ಮೇಲೆ ಇಲ್ಲಿಗೆ ಬಂದ ಬಡಗಿಯೂ ಎದ್ದ.

ಲೀವಿಯ ಬರೆದು ಬರೆದು ತಲೆ ಎತ್ತಿದಳು. "ಹದಿನಾಲ್ಕು. ಇಂಥ ಕಾರಣ ನಾನು ಓದಿದ ಪುಸ್ತಕದಲ್ಲಿಲ್ಲ." ಪೆನ್ನು ಕಚ್ಚುತ್ತಾ ಗೋಡೆಯನ್ನೊಮ್ಮೆ, ಆ ಹದಿನಾಲ್ಕು ಮುಖಗಳನ್ನೊಮ್ಮೆ ನೋಡಿದಳು. "ಸರಿ, ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿದು ಆಸರೆ ಕೊಡ್ತೇವೆ. ಭಾರದ ಕೊಂಬೆ ಸವರ್ತೇವೆ. ಮರ ಇರ್ಲಿ."

ಸಭೆ ಮುಗಿದದ್ದೇ ಜಾಂದೀರ ಬೆರೀಲೊನ ಅಂಗಿ ಹಿಡಿದಳು.

"ನಿನ್ನ ಗುರುತೂ ಆ ಮರವೇನೋ?"

"ಇಲ್ವೇ, ನಂದು ಬೇರೆ. ಮರ ನಿಂದು."

"ನಿನಗೆ ಹೇಗೆ ಗೊತ್ತು?"

"ಇಪ್ಪತ್ತು ವರ್ಷದವನಿದ್ದಾಗ ಒಂದು ಸಲ ನೋಡ್ಬಿಟ್ಟೆ. ಗಾಳ ಬಿಡೋ ಮೊದಲು ನೀನು ಕತ್ತು ಚಾಚಿ ಮರಾನೇ ನೋಡ್ತಿದ್ದೆ, ಆಡು ಎಲೆ ನೋಡಿದ ಹಾಗೆ. ಎರಡನೇದೂ ಕಂಡುಬಿಟ್ಟೀತು ಅಂತ ಅವತ್ತಿಂದ ಬೆನ್ನು ಹಾಕಿ ಕೂರ್ತೇನೆ. ಮಾವ ಕೊಟ್ಟಿದ್ದು ನಿನಗಲ್ವಾ?"

"ಮತ್ತೆ ದಿನಾ ಎಲ್ಲಿ ಎಲ್ಲಿ ಅಂತ ಕೇಳ್ತಿದ್ದೆ?"

"ಕೇಳದಿದ್ರೆ ಇವನಿಗೆ ಗೊತ್ತಾಗಿದೆ ಅಂತ ನಿನಗೆ ನಿದ್ದೆ ಬರ್ತಿತ್ತಾ ಮಾರಾಯ್ತಿ?"

ಜಾಂದೀರ ಅವನ ಅಂಗಿ ಬಿಟ್ಟಳು. ನಲವತ್ತು ವರ್ಷ ಸುಮ್ಮನೆ ಹಾಕಿದ ಸುತ್ತು ನೆನಪಾಗಿ ಸಿಟ್ಟು ಬಂತು, ನಗು ಬಂತು, ಕಣ್ಣೂ ತುಂಬಿತು.

ಸೋಮವಾರ ಬೆಳಿಗ್ಗೆ ಅವಳು ಉತ್ತರಕ್ಕೆ ಹೋಗಲಿಲ್ಲ. ಹಾಯಿ ಬಿಚ್ಚಿ ನೆಟ್ಟಗೆ ಬಂಡೆಗೆ ಬಂದಳು. ಆಚೆ ತೆಪ್ಪದ ಮೇಲಿದ್ದ ಬೆರೀಲೊ ಅವಳನ್ನು ಕಂಡು, ಎಂದಿನಂತೆ ದಡಕ್ಕೆ ಬೆನ್ನು ಹಾಕಿ, ಹುಟ್ಟುವ ಸೂರ್ಯನಿಗೆ ಮುಖ ಕೊಟ್ಟು ಕೂತ. ಅವನ ಕಣ್ಣಿನ ಸುತ್ತ ಅಷ್ಟೊಂದು ಸುಕ್ಕು ಯಾಕೆಂದು ಅವಳಿಗೆ ಆಗ ತಿಳಿಯಿತು.

"ಲೋ ಬೆರೀಲೊ! ಇತ್ತ ತಿರುಗೋ!"

"ಬೇಡ್ವೇ, ಇಲ್ಲೇ ಚೆನ್ನಾಗಿದೆ!"

"ತಿರುಗು ಅಂದ್ನಲ್ಲ! ಎರಡನೇದು ತೋರಿಸ್ತೇನೆ. ನನಗೂ ಮಕ್ಕಳಿಲ್ಲ, ಕಿವಿಯಲ್ಲಿ ಹೇಳೋಕೆ ಸಾಯೋ ತನಕ ಯಾರು ಕಾಯ್ತಾರೆ?"

ಬೆರೀಲೊ ಗಾಳದ ದಾರ ಸುತ್ತಿಟ್ಟ. ಆಮೇಲೆ ತಲೆಯ ಮೇಲಿನ ಒಣಹುಲ್ಲಿನ ಟೊಪ್ಪಿ ತೆಗೆದು, ದಡದ ಕಡೆಗೆ ತಿರುಗಿದ.