ಕಡಲು ಬಿಟ್ಟುಕೊಡುವ ದಾರಿ

ಲಿಸ್ಬನ್ನಿನಿಂದ ಪ್ಯಾರಿಸ್ಸಿನವರೆಗೆ ಬಾಡಿಗೆಯ ವ್ಯಾನಿನಲ್ಲಿ ಹೋಗುವುದೆಂದು ಮೂವರು ಗೆಳೆಯರು ನಿಶ್ಚಯಿಸಿದಾಗ, ಕುಮಟೆಯ ಬಳಿಯ ಕಾಗಾಲದ ತಿಮ್ಮಪ್ಪ ಗೌಡರು ಒಪ್ಪಿದ್ದು ಒಂದೇ ಕರಾರಿನ ಮೇಲೆ. ಫ್ರಾನ್ಸಿನ ಪಡುವಣ ಕರಾವಳಿಯಲ್ಲಿ ದ್ವೀಪವೊಂದಕ್ಕೆ ಹೋಗುವ ರಸ್ತೆಯಿದೆ. ಅದು ದಿನಕ್ಕೆರಡು ಸಲ ಕಡಲಿನಲ್ಲಿ ಮುಳುಗಿ, ಎರಡು ಸಲ ಮೇಲೇಳುತ್ತದೆ. ಮೂವರಲ್ಲೊಬ್ಬರಾದ ಹೊನ್ನಾವರದ ಮೋಹನ ನಾಯ್ಕರು ಅದನ್ನು ಫೋನಿನಲ್ಲಿ ತೋರಿಸಿದ ದಿನದಿಂದ ತಿಮ್ಮಪ್ಪನವರಿಗೆ ಪ್ಯಾರಿಸ್ಸಿನ ಗೋಪುರವೂ ಬೇಡವಾಯಿತು, ಅರಮನೆಗಳೂ ಬೇಡವಾದವು. ಆ ರಸ್ತೆಯ ಮೇಲೆ ಒಮ್ಮೆ ನಡೆಯಬೇಕು, ಅಷ್ಟೆ.

ಅದಕ್ಕೆ ಕಾರಣವಿತ್ತು. ಅಘನಾಶಿನಿ ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಾಗಾಲದವರು ಕಟ್ಟಿಕೊಂಡ ಒಡ್ಡಿನಲ್ಲಿ ನೀರಿನ ಏರಿಳಿತ ನೋಡಿ ತೆರೆದು ಮುಚ್ಚುವ ಜಂತ್ರಡಿಯೆಂಬ ಮರದ ಬಾಗಿಲಿದೆ. ಅದನ್ನು ನೋಡಿಕೊಳ್ಳುವ ಹೊಣೆ ತಿಮ್ಮಪ್ಪನವರ ಮನೆಯದು. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಗಡಿಯಾರ ನೋಡದೆ, ತಿಥಿಯಿಂದಲೇ ಅವರು ಹೇಳುತ್ತಿದ್ದರು. ಊರಿನಲ್ಲಿ ಆ ಮಾತಿಗೆ ಎದುರಾಡಿದವರಿಲ್ಲ.

ಲಾ ರೊಶೆಲ್ ಎಂಬ ಬಂದರು ಪಟ್ಟಣದಲ್ಲಿ ಬೆಳಗಿನ ತಿಂಡಿ ಮುಗಿಯುತ್ತಲೇ ಶಬ್ಬೀರ್ ಸಾಹೇಬರು ವ್ಯಾನಿನ ಕೀಲಿ ಎತ್ತಿಕೊಂಡರು. ಭಟ್ಕಳದ ಮಗ್ಗುಲಿನ ಜಾಲಿಯವರಾದ ಅವರು ದುಬೈಯಲ್ಲಿ ಬಹುಕಾಲ ವಾಹನ ನಡೆಸಿದವರು. ರಸ್ತೆಯ ಬಲಬದಿಯಲ್ಲಿ ಓಡಿಸಿ ಅಭ್ಯಾಸವಿದ್ದದ್ದು ಮೂವರಲ್ಲಿ ಅವರೊಬ್ಬರಿಗೇ.

“ಬೇಗ ಹೊರಡುವಾ ತಿಮ್ಮಪ್ಪ. ನಿನ್ನ ರಸ್ತೆ ನೋಡಿ ರಾತ್ರಿ ಊಟಕ್ಕೆ ಪ್ಯಾರಿಸ್ ಮುಟ್ಟಬೇಕು. ಇಲ್ಲದಿದ್ರೆ ಈ ಮೋಹನ ನನ್ನ ಕುತ್ತಿಗೆ ಹಿಡೀತಾನೆ.”

ಮೋಹನರ ಮಗಳು ದಿವ್ಯಶ್ರೀ ಪ್ಯಾರಿಸ್ಸಿನಲ್ಲಿ ಓದುತ್ತಿದ್ದಳು. ಮಗಳ ಮುಖ ನೋಡದೆ ಅವರಿಗೆ ಎರಡು ವರ್ಷವಾಗಿತ್ತು. ಅಂದು ಮೀನುಸಾರು ಮಾಡಿ ಕಾಯುತ್ತೇನೆಂದು ಅವಳು ಹೇಳಿದ್ದಳು.

“ಈಗ ಹೋಗಿ ಎಂತ ನೋಡೂದು?” ಎಂದರು ತಿಮ್ಮಪ್ಪನವರು. “ಇವತ್ತು ಅಮಾಸೆ. ಮಧ್ಯಾಹ್ನಕ್ಕೆ ನೀರು ತುಂಬಿ ನಿಲ್ತದೆ. ಸಂಜೆಮುಂದೆ ಪೂರಾ ಇಳೀತದೆ. ನಿಧಾನ ಊಟ ಮಾಡ್ಕಂಡೇ ಹೋಗುವಾ.”

“ಫೋನಲ್ಲಿ ಒಂದ್ಸಲ ನೋಡ್ಲಾ?” ಎಂದು ಮೋಹನರು ಕೇಳಿದರು.

“ನೀರಿನ ಸುದ್ದಿ ಫೋನಿಗೆ ನಾ ಹೇಳ್ಬೇಕು ಮಾರಾಯ, ಫೋನು ನಂಗಲ್ಲ.”

ಹಾಗಾಗಿ ಬೆಳಗು ಮೀನುಪೇಟೆಯಲ್ಲಿ ಕಳೆಯಿತು. ತಿಮ್ಮಪ್ಪನವರು ಪ್ರತಿ ಬುಟ್ಟಿಗೂ ಬಗ್ಗಿದರು. ಇಲ್ಲಿಯ ಬಂಗಡೆ ಊರಿನದಕ್ಕಿಂತ ಉದ್ದ, ಬೆನ್ನಿನ ಮೇಲೆ ಹುಲಿಯ ಪಟ್ಟೆ. ಏಡಿಗಳಿಗೆ ಇಟ್ಟಿಗೆಯ ಬಣ್ಣ. ಇಷ್ಟು ಬೇರೆಯಾಗಿಯೂ ವಾಸನೆ ಮಾತ್ರ ಕುಮಟೆಯ ಪೇಟೆಯದೇ ಎಂದು ಅವರು ಅಚ್ಚರಿಪಟ್ಟರು.

ಹೊತ್ತು ಇಳಿಮುಖವಾದ ಮೇಲೆ ಅವರು ಆ ರಸ್ತೆಯಿರುವ ಕಡಲಂಚನ್ನು ಮುಟ್ಟಿದರು. ಕಲ್ಲು ಹಾಸಿದ ಕಪ್ಪು ದಾರಿ ಇಳಿಜಾರಾಗಿ ಸಾಗಿ, ತುಸು ದೂರದಲ್ಲಿ ನೀರಿನೊಳಗೆ ಮಾಯವಾಗಿತ್ತು. ಒದ್ದೆ ಕಲ್ಲುಗಳು ಮಿನುಗುತ್ತಿದ್ದವು.

“ಕಂಡ್ರಾ? ಈಗ ಏಳ್ತಾ ಅದೆ,” ಎಂದು ತಿಮ್ಮಪ್ಪನವರು ಬೀಗಿದರು.

“ಅಲ್ಲಿ ಬೋರ್ಡಲ್ಲಿ ಎಂತದೋ ಬರ್ದಿದ್ದಾರೆ, ಓದಿ ಮುಂದೆ ಹೋಗುವಾ ಭಾಯಿ,” ಎಂದರು ಶಬ್ಬೀರ್.

“ಬೋರ್ಡು ಬರೆದವ ಮನೇಲಿ ಕೂತು ಬರೆದದ್ದು. ಇಲ್ಲಿ ನೋಡು.” ನೀರಂಚಿಗೆ ಹೋಗಿ ತಿಮ್ಮಪ್ಪನವರು ಒಂದು ಚಿಪ್ಪು ಇಟ್ಟರು. “ಇದನ್ನ ಬಿಟ್ಟು ನೀರು ಹಿಂದೆ ಸರೀಲಿ, ಹೊರಡುವಾ.”

ನೀರು ಸರಿಯಲಿಲ್ಲ. ಚಿಪ್ಪು ಒಮ್ಮೆ ಅಲುಗಾಡಿ ಕಾಣದಾಯಿತು. ಅವರು ಇನ್ನೊಂದನ್ನು ಮೇಲಕ್ಕೆ ಇಟ್ಟರು, ಅದೂ ಹೋಯಿತು. ಮೂರನೆಯದನ್ನು ಎತ್ತಿಕೊಂಡವರು ಕೆಳಗಿಡದೆ ಕೈಯಲ್ಲೇ ಹಿಡಿದು ನಿಂತರು. ಇದು ಏರುವ ನೀರು. ಅದನ್ನು ಗುರುತಿಸಲು ಅವರಿಗೆ ಬೋರ್ಡು ಬೇಕಿರಲಿಲ್ಲ.

“ನಿನ್ನ ಅಮಾಸೆ ಇನ್ನೂ ಕಾಗಾಲದಲ್ಲೇ ಅದೆ, ವಿಮಾನ ಹತ್ಲಿಲ್ಲ ಕಾಣ್ತದೆ,” ಎಂದರು ಶಬ್ಬೀರ್.

ಮೋಹನರು ಬೋರ್ಡಿನ ಬಳಿಯಿಂದ ಹಿಂದಿರುಗಿ ಬಂದರು. “ಮಧ್ಯಾಹ್ನವೇ ಪೂರ್ತಿ ಒಣಗಿತ್ತಂತೆ. ನಾವು ಊಟ ಮಾಡ್ತಾ ಇದ್ದಾಗ. ಇನ್ನು ಹಗಲಲ್ಲಿ ಏಳೂದು ನಾಳೆಯೇ.”

ಶಬ್ಬೀರ್ ನಕ್ಕರು. ತಿಮ್ಮಪ್ಪನವರ ಮುಖ ಬಾಡಿತು. ಆದರೆ ನಾಚಿಕೆಯ ಬೆನ್ನಿಗೇ ಬೇರೊಂದು ತಳಮಳ ಎದ್ದಿತು. “ಅಲ್ಲಾ, ಚಂದ್ರ ಒಬ್ನೇ ಅಲ್ದನಾ? ಕಡಲೂ ಒಂದೇ. ನಮ್ಮಲ್ಲಿ ತುಂಬುವ ಹೊತ್ತಿಗೆ ಇಲ್ಲಿ ಬರಿದಾಗೂದು ಹ್ಯಾಂಗೆ?”

“ಒಂದೇ ಬಸ್ಸಾದ್ರೂ ಕುಮಟೆಗೆ ಬರುವ ಹೊತ್ತು ಬೇರೆ, ಭಟ್ಕಳಕ್ಕೆ ಬರುವ ಹೊತ್ತು ಬೇರೆ,” ಎಂದರು ಮೋಹನರು. “ವ್ಯಾನು ಹತ್ತು ಈಗ, ಹೊತ್ತಾತು.”

ತಿಮ್ಮಪ್ಪನವರು ಹತ್ತಲಿಲ್ಲ. “ನೀವು ಹೋಗಿ. ನಾ ನಾಳೆ ನೋಡ್ಕಂಡು ರೈಲಿಗೆ ಬರ್ತೆ.”

“ಯಾವ ಬಾಯಲ್ಲಿ ಟಿಕೀಟು ಕೇಳ್ತೆ? ಲಿಸ್ಬನ್ನಲ್ಲಿ ಚಾ ಕೇಳೂಕೆ ನನ್ನ ಅಂಗಿ ಎಳೀತಿದ್ದೆ ನೀನು,” ಎಂದರು ಮೋಹನರು.

ತಿಮ್ಮಪ್ಪನವರು ತಮ್ಮ ಚೀಲವನ್ನು ವ್ಯಾನಿನಿಂದ ಇಳಿಸಿಕೊಂಡರು. ಮೋಹನರಿಗೆ ಸಿಟ್ಟು ಬಂತು. ಗೆಳೆಯನನ್ನು ಬಿಟ್ಟು ಹೋಗಲಾರರು, ಮಗಳನ್ನು ಕಾಯಿಸಲಾರರು. ಕೊನೆಗೆ ಫೋನು ಹಚ್ಚಿ, ನಡೆದುದನ್ನೆಲ್ಲ ಮಗಳಿಗೆ ಹೇಳಿ, “ಮಾತಾಡು, ನಿನ್ನ ಮಾತಾದ್ರೂ ಕೇಳ್ತನೋ ನೋಡುವಾ,” ಎಂದು ತಿಮ್ಮಪ್ಪನವರ ಕೈಗಿತ್ತರು.

“ಮಾವ, ರಸ್ತೆ ನೋಡೂಕೆ ಆಗ್ಲಿಲ್ವಂತೆ?”

ನೀರಿನ ವಿಷಯದಲ್ಲಿ ಮುಂದಿನ ಮಾತನ್ನು ತಿಮ್ಮಪ್ಪನವರು ಈವರೆಗೆ ಯಾರಿಗೂ ಹೇಳಿದವರಲ್ಲ. “ಇಲ್ಲ ಮಗಾ. ನನ್ನ ಲೆಕ್ಕ ತಪ್ಪಿತು.”

“ಹಂಗಾರೆ ಮೂರೂ ಜನ ಅಲ್ಲೇ ಉಳೀರಿ. ಸಾರು ನಾಳೆಗೆ ಇನ್ನೂ ರುಚಿಯಾಗ್ತದೆ. ಆದ್ರೆ ನಂಗೆ ವೀಡಿಯೋ ಬೇಕು. ಅಪ್ಪನ ಹತ್ರ ತೆಗೆಸ್ಬೇಡಿ, ಬರೀ ಬೆರಳೇ ಬರ್ತದೆ.”

ಮಗಳ ತೀರ್ಪಿಗೆ ಮೋಹನರು ಗೊಣಗುತ್ತಲೇ ತಲೆಬಾಗಿದರು.

ಮರುದಿನ ಮಧ್ಯಾಹ್ನ ಕಡಲು ಎರಡೂ ಬದಿಗೆ ದೂರ ಸರಿದು, ಬೂದುಬಣ್ಣದ ಕೆಸರಿನ ಬಯಲು ತೆರೆದುಕೊಂಡಿತ್ತು. ನಟ್ಟನಡುವೆ, ಪಾಚಿ ಹೊದ್ದ ರಸ್ತೆ. ತಿಮ್ಮಪ್ಪನವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆದರು. ಹಿಂದಿನಿಂದ ವ್ಯಾನು ತೆವಳುತ್ತ ಬಂತು. ಅವರು ಎದುರಿನ ದ್ವೀಪದತ್ತ ತಲೆಯೆತ್ತಲಿಲ್ಲ. ಕಲ್ಲುಗಳ ಸಂದಿನಲ್ಲಿ ಹರಿದುಹೋಗುವ ನೀರು ಯಾವ ಕಡೆಗೆ ತಿರುಗಿದೆಯೆಂದು ಹೆಜ್ಜೆಹೆಜ್ಜೆಗೂ ಬಗ್ಗಿ ನೋಡುತ್ತಿದ್ದರು. ದೂರದಲ್ಲಿ ಗಂಬೂಟು ತೊಟ್ಟ ಹೆಂಗಸೊಬ್ಬಳು ಕೆಸರು ಕೆದಕಿ ಬುಟ್ಟಿಗೆ ಚಿಪ್ಪು ತುಂಬುತ್ತಿದ್ದಳು, ಕಾಗಾಲದವರು ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕುವಂತೆಯೇ ಸೊಂಟ ಬಗ್ಗಿಸಿ.

ಅರ್ಧ ದಾರಿಯಲ್ಲಿ ಶಬ್ಬೀರ್ ಕಿಟಕಿಯಿಂದ ತಲೆ ಹೊರಹಾಕಿದರು. “ತಿಮ್ಮಪ್ಪ, ನೀರು ತಿರುಗಿ ಯಾವಾಗ ಬರ್ತದೆ? ನೀನೇ ಹೇಳು.”

“ನಂಗೆ ಗೊತ್ತಿಲ್ಲ,” ಎಂದರು ತಿಮ್ಮಪ್ಪನವರು. “ಇರು, ಕೇಳ್ಕಂಡು ಬರ್ತೆ.” ಪಂಚೆಯನ್ನು ಮೇಲೆತ್ತಿ ಕಟ್ಟಿ, ಕೆಸರಿಗಿಳಿದು, ಆ ಹೆಂಗಸಿನ ಕಡೆಗೆ ನಡೆದರು.