ಬೆರಳಗಲದ ವ್ಯತ್ಯಾಸ

೧
ಎಲ್ಲಿಂದ ಶುರು ಮಾಡಲಿ? ಸೈಕಲ್ಲಿನಿಂದ ಎಂದರೆ ಅದಕ್ಕೆ ಚಕ್ರವಿಲ್ಲ, ಹ್ಯಾಂಡಲ್ಲಿಲ್ಲ. ಬರೀ ಫ್ರೇಮು, ಪೇಂಟರನ ಅಂಗಡಿಯಲ್ಲಿ ಕೊಕ್ಕೆಗೆ ನೇತಾಡುತ್ತಿದೆ. ಪೇಂಟರನಿಂದ ಎಂದರೆ ಅವನಿಗೆ ಪುರುಸೊತ್ತಿಲ್ಲ. ಹಸಿರು ಕೆರೆದ, ಅದರಡಿಯ ಕೆಂಪು ಕೆರೆದ, ಈಗ ಬರಿಯ ಉಕ್ಕು. ನಲವತ್ತು ವರ್ಷದ ಹಿಂದೆ ಯಾರೋ ಒಬ್ಬ ಪ್ರತಿ ಕೊಳವೆಯನ್ನೂ ಕೈಯಾರೆ ಅರದಿಂದ ಉಜ್ಜಿ ಕೂಡಿಸಿದ್ದಾನೆ. ಬೆಸುಗೆ ಎಲ್ಲಿ ಮುಗಿದು ಕೊಳವೆ ಎಲ್ಲಿ ಶುರುವಾಯಿತೋ ಉಗುರಿಗೂ ತಿಳಿಯದು. ಪೇಂಟರ್ ಬಾಯಿ ಬಿಟ್ಟುಕೊಂಡು ನೋಡಿದ. (ನಾನೂ ನೋಡಿದೆ. ನನ್ನ ಒಂದು ವಾಕ್ಯಕ್ಕೂ ಇಂಥ ಬೆಸುಗೆ ಬಿದ್ದಿಲ್ಲ.)

೨
ಒಂದೇ ಒಂದು ತಪ್ಪು. ಮುಂದಿನ ಬಾರಿನ ಮೇಲೆ ಕೂತ ಮಗು ಪಾದ ಊರಲೆಂದು ಕೆಳಗಿನ ಕೊಳವೆಯ ಆಚೀಚೆ ಒಂದೊಂದು ಪುಟ್ಟ ಗೂಟ. ಎಡಗಡೆಯದು ಬಲಗಡೆಯದಕ್ಕಿಂತ ಬೆರಳಗಲ ಮೇಲಿತ್ತು.

"ಪಾಪ, ಇಷ್ಟೆಲ್ಲ ಮಾಡಿ ಇಲ್ಲಿ ಕಣ್ಣು ತಪ್ಪಿದೆ," ಎಂದು ಪೇಂಟರ್ ಆ ಎಡಗಡೆಯ ಗೂಟವನ್ನು ಗರಗಸದಿಂದ ಕೊಯ್ದು ಜೇಬಿಗೆ ಹಾಕಿಕೊಂಡ. ಕೆಳಗಿಳಿಸಿ ಸಮ ಮಾಡೋಣವೆಂದು. ಗೌರವದಿಂದಲೇ ಕೊಯ್ದ.

೩
ಅಷ್ಟರಲ್ಲಿ ಫ್ರೇಮಿನ ಒಡತಿ ಬಂದರು. ಅದನ್ನು ಮಾಡಿದವನ ಮಗಳು. ಅವರ ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ದಪ್ಪ. ಎಷ್ಟು ದಪ್ಪ ಎಂದು ಪೇಂಟರ್ ಅಳೆಯಬೇಕಾಗಿರಲಿಲ್ಲ.

"ಅಪ್ಪ ನನ್ನನ್ನ ಮುಂದೆ ಕೂರಿಸ್ಕೊಂಡು ಹೋಗ್ತಿದ್ರು," ಎಂದರು ಆಕೆ. "ಅದ್ರ ಮೇಲೆ ಕೂತಾಗ ಮಾತ್ರ ನನ್ನ ಎರಡು ಕಾಲೂ ಸಮ ಅನ್ಸೋದು. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ."

ಅಪ್ಪ ಹೇಳಿಯೇ ಇರಲಿಲ್ಲ. ಬೆರಳಗಲ ಉಕ್ಕನ್ನು ಮೇಲೇರಿಸಿ, ಮೇಲೆ ಬಣ್ಣ ಬಳಿದು, ಸುಮ್ಮನಾಗಿಬಿಟ್ಟಿದ್ದ. ಇಷ್ಟು ಬರೆದು ಎರಡನೇ ಭಾಗಕ್ಕೆ ಹಿಂತಿರುಗಿ ನೋಡಿದೆ: ಗೂಟ ಪೇಂಟರನ ಜೇಬಿನಲ್ಲಿದೆ.

೪
ಓದುಗರೇ, ದಯವಿಟ್ಟು ಎರಡನೇ ಭಾಗವನ್ನು ಮರೆತುಬಿಡಿ. ಆ ಹಾಳೆ ಹರಿದುಹಾಕುತ್ತೇನೆ. ಗರಗಸವೇ ಇರಲಿಲ್ಲ ಎಂದಿಟ್ಟುಕೊಳ್ಳಿ.

"ಹಾಳೆ ಹರಿದ್ರೆ ಆಯ್ತಾ ಸಾರ್?" ಪೇಂಟರ್ ನನ್ನತ್ತ ತಿರುಗಿದ. "ಕೊಯ್ದ ಕಬ್ಬಿಣ ಬರುತ್ತಾ?"

"ಅದೇ ಜಾಗಕ್ಕೆ ಬೆಸುಗೆ ಹಾಕು, ಬಣ್ಣ ಹೊಡಿ. ಯಾರಿಗೆ ತಿಳಿಯುತ್ತೆ? ಹ್ಯಾಪಿ ಎಂಡಿಂಗ್."

"ಬೆಸುಗೆ ಹಾಕೇ ಹಾಕ್ತೀನಿ. ಆದ್ರೆ ಅದು ನಂದು, ಅವ್ರಪ್ಪಂದಲ್ಲ."

"ಸರಿ, ಹಾಗಾದರೆ ಆಕೆ ಬಯ್ದು ಫ್ರೇಮು ಎತ್ತಿಕೊಂಡು ಹೋಗಲಿ?"

"ಅದನ್ನ ಅವ್ರು ಹೇಳ್ಲಿ, ನೀವಲ್ಲ. ಸ್ವಲ್ಪ ಹೊರಗಿರಿ ಸಾರ್."

(ಇವನನ್ನು ಹುಟ್ಟಿಸಿದವನೇ ನಾನು! ಆದರೂ ತೆಪ್ಪಗೆ ಎದ್ದೆ.)

೫
ಬಾಗಿಲ ಹೊರಗಿಂದ ನನಗೆ ಕೇಳಿಸಿದ್ದು, ಕಂಡದ್ದು ಇಷ್ಟು:

"ಅಮ್ಮಾ, ಮೊದ್ಲು ಕೂತ್ಕೊಳ್ಳಿ. ನಿಮ್ಮಪ್ಪ ನಿಮ್ಗೊಂದು ವಿಷ್ಯ ಹೇಳಿಲ್ಲ. ನಾನೊಂದು ತಪ್ಪು ಮಾಡಿದೀನಿ. ಒಂದನ್ನ ಬಿಟ್ಟು ಇನ್ನೊಂದನ್ನ ಹೇಳೋಕೆ ಬರಲ್ಲ."

ಅವನು ಜೇಬಿನಿಂದ ಕೈ ತೆಗೆದ. ಮುಷ್ಟಿ ಇನ್ನೂ ಬಿಚ್ಚಿಲ್ಲ. ಆಕೆ ಮೊದಲು ಅವನ ಮುಷ್ಟಿಯನ್ನು, ಆಮೇಲೆ ಫ್ರೇಮನ್ನು, ಆಮೇಲೆ ನಿಧಾನವಾಗಿ ತನ್ನ ಎಡಗಾಲನ್ನು ನೋಡಿಕೊಂಡರು.

ಮುಂದಿನದನ್ನು ನನ್ನ ಕೇಳಬೇಡಿ. ನನ್ನನ್ನು ಇನ್ನೂ ಒಳಗೆ ಕರೆದಿಲ್ಲ.