ಗೋಡೆಗೆ ಮುಖ ಮಾಡಿದ ಕ್ರಿಯಾಪದಗಳು

೧೯೯೪ರ ಜುಲೈ ೧೧, ಸೋಮವಾರ, ಸಂಜೆ ನಾಲ್ಕೂ ನಲವತ್ತಕ್ಕೆ ನನ್ನ ಮೇಲೆ ಮೊದಲ ಗೆರೆ ಬಿತ್ತು. ಅಲ್ಲಿಯವರೆಗೆ ನಾನು ಬರಿಯ ಬಿಳಿ ಮಾದರಪಾಟ ಬಟ್ಟೆ. ಗೆರೆ ಎಳೆದವರು ಕಮತಗಿ ಮಾಸ್ತರರು. ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಇಂಗ್ಲಿಷಿಗೆ ಬೇರೆ ಯಾರೂ ಇಲ್ಲದ್ದರಿಂದ ಅದೂ ಅವರ ಪಾಲಿಗೆ ಬಂದಿತ್ತು. ಮೂಲವಸ್ತುಗಳ ಕೋಷ್ಟಕ ಬರೆಯುವ ಕೈ ಅದು; ಗೋ, ವೆಂಟ್, ಗಾನ್ ಎಂದು ಒಂದೊಂದು ಕ್ರಿಯಾಪದದ ಮೂರು ರೂಪಗಳನ್ನೂ ಸಮ ಅಳತೆಯ ಚೌಕಗಳಲ್ಲಿ ಕೂರಿಸಿತು. ಕೆಳಗೆ ‘ಇಫ್’ನಿಂದ ಶುರುವಾಗುವ ಮೂರು ವಾಕ್ಯ. ಮೇಲೊಂದು, ಕೆಳಗೊಂದು ಬಿದಿರಿನ ಕೋಲು ಕಟ್ಟಿದಾಗ ನಾನು ಪೂರ್ಣವಾದೆ.

ಸಾಲು ಸಾಲು ಮಕ್ಕಳು ನನ್ನನ್ನು ಮಗ್ಗಿಯಂತೆ ಕೂಗಿದರು. ಕೆಲವರು ನನ್ನೆದುರೇ ಕೂತು ಇಂಗ್ಲಿಷಿನಲ್ಲಿ ನಪಾಸಾದರು. ಆಮೇಲೆ ಅಚ್ಚಾದ ಚಾರ್ಟುಗಳು ಬಂದವು. ನಾನು ಸುರುಳಿಯಾಗಿ ಕಪಾಟಿನ ಮೇಲೆ ಏರಿದೆ. ಮಾಸ್ತರರು ನಿವೃತ್ತರಾದ ದಿನ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು.

ಅಲ್ಲಿಗೆ ಒಂದು ಸಂಜೆ ಶಂಕ್ರವ್ವ ಬಂದಳು. ಹಿಂದೆ ನಪಾಸಾದವರಲ್ಲಿ ಒಬ್ಬಳು, ಈಗ ಅಂಗನವಾಡಿಯ ಸಹಾಯಕಿ. ಅಲ್ಲಿನ ಟೀಚರ್ ಬರುವ ವರ್ಷ ನಿವೃತ್ತರಾಗುವವರು. ಅಷ್ಟರೊಳಗೆ ಹತ್ತನೇ ತರಗತಿ ಪಾಸಾದರೆ ಆ ಜಾಗ ಇವಳಿಗೆ. ಇಲ್ಲವಾದರೆ ಕೊನೆಯವರೆಗೂ ಪಾತ್ರೆ ತಿಕ್ಕುವುದೇ. ಉಳಿದಿದ್ದದ್ದು ಇಂಗ್ಲಿಷ್ ಒಂದೇ.

ಮಾಸ್ತರರು ನನ್ನನ್ನು ಬಿಚ್ಚಿ, ಕೆಳಗಿನ ಮೂರು ವಾಕ್ಯಗಳ ಮೇಲೆ ಬೆರಳಿಟ್ಟರು. “ಮೊದಲನೇದು ಆಗಬಹುದಾದ್ದು. ಎರಡನೇದು ಬರೇ ಕಲ್ಪನಾ. ಮೂರನೇದು ಮುಗದು ಹೋಗಿದ್ದು, ಅದನ್ನ ತಿದ್ದಾಕ ಬರಂಗಿಲ್ಲ.”

“ಹಂಗಾರ ನನ್ನ ಬಾಳೇವು ಮೂರನೇ ಸಾಲಿನ್ಯಾಗ ಐತ್ರಿ ಸರ. ಅವಾಗ ಓದಿದ್ರ ಪಾಸಾಗತಿದ್ದೆ.”

“ಈ ಸಲದ ಪರೀಕ್ಷಾ ಇನ್ನೂ ಬರದಿಲ್ಲಲ್ಲವಾ? ಮೊದಲನೇ ಸಾಲಿಗೆ ಬಾ.”

ನಾನು ಅವಳೊಡನೆ ಅಂಗನವಾಡಿಗೆ ಹೋದೆ. ಅವಳು ಬೇಳೆ ಆರಿಸುತ್ತ ನನ್ನನ್ನು ಓದುವಳು. ಗಟ್ಟಿಯಾಗಿ ಓದದಿದ್ದರೆ ಅವಳಿಗೆ ತಲೆಗೆ ಹತ್ತುತ್ತಿರಲಿಲ್ಲ. ಕೇಳಿದ್ದನ್ನು ಮಕ್ಕಳು ಹಿಡಿದವು. ‘ಸಿಟ್, ಸ್ಯಾಟ್, ಸ್ಯಾಟ್’ ಎಂದು ಕುಳಿತವು, ‘ರನ್, ರ್‍ಯಾನ್, ರನ್’ ಎಂದು ಓಡಿದವು.

ಮೇಲ್ವಿಚಾರಕಿ ಬಂದ ದಿನ “ಒಂದು ಹಾಡು ಹೇಳ್ರಿ” ಎಂದಾಗ ಮಕ್ಕಳು ಹೇಳಿದ್ದು, ‘ಈಟ್, ಏಟ್, ಈಟನ್.’

“ಇದೇನ ಶಂಕ್ರವ್ವ, ಅಂಬೆಗಾಲಿಡೋವಕ್ಕ ಹತ್ತನೇ ಕ್ಲಾಸಿನ ಪಾಠಾನ?”

“ಪಾಠ ನನಗ್ರೀ ಮೇಡಮ್. ಅವು ಪುಕ್ಕಟ ಕಲತಾವು.”

ಟೀಚರ್ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮೇಲ್ವಿಚಾರಕಿ ನಗಲಿಲ್ಲ. “ಇದನ್ನ ತಗೀರಿ. ಎತ್ತರ ಅಳೆಯೋ ಪಟ್ಟಿ ಎಲ್ಲಿ? ಹರದೈತಿ? ಮುಂದಿನ ಸಲ ಬರೋದ್ರಾಗ ಈ ಗೋಡೆ ಮ್ಯಾಲೆ ಅದು ಇರಬೇಕು.”

ಊರಿಗೆ ಹೊಸ ಪಟ್ಟಿ ಬರುವುದು ಯಾವಾಗಲೋ. ಶಂಕ್ರವ್ವ ನನ್ನನ್ನು ಇಳಿಸಿ ಬೆನ್ನು ಮೇಲೆ ಮಾಡಿ ಹಾಸಿದಳು. ಮಾಸ್ತರರಿಂದ ಮೀಟರ್ ಕೋಲು ತಂದು, ಅಂಚಿನುದ್ದಕ್ಕೂ ಸೆಂಟಿಮೀಟರುಗಳನ್ನು ಗುರುತಿಸಿ, ಕೆಳಗಿನ ಬಿದಿರು ನೆಲ ಮುಟ್ಟುವಂತೆ ತೂಗುಹಾಕಿದಳು. ನನ್ನ ಮುಖ ಗೋಡೆಗೆ ತಿರುಗಿತು. ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ಮಾತ್ರ ಅವಳು ನನ್ನ ತುದಿ ಎತ್ತಿ ಇಣುಕುವಳು, ತುಟಿ ಅಲ್ಲಾಡಿಸುತ್ತ.

ಫಲಿತಾಂಶದ ದಿನ ಅವಳು ತಡವಾಗಿ ಬಂದಳು. ಬಂದವಳೇ ಒಲೆ ಹಚ್ಚಿದಳು. ಟೀಚರ್ ಬಾಗಿಲಲ್ಲೇ ನಿಂತರು. “ಏನಾತು?”

“ಪಾಸ್ರೀ.”

“ಮತ್ತ ಅಳಾಕತ್ತೀಯಲ್ಲ?”

“ಒಲಿ ಹೊಗಿ ಅಕ್ಕಾರ, ಹೊಗಿ.”

ಈಗ ಅವಳೇ ಟೀಚರ್. ನನ್ನ ಅಕ್ಷರಗಳಿಗೆ ಸುಣ್ಣದ ತೇವ ಹಿಡಿದಿದೆ. ಮೂರನೇ ವಾಕ್ಯ ಪೂರಾ ಅಳಿಸಿರಬೇಕು, ನೋಡಿದವರಿಲ್ಲ. ಆಗಿಹೋದದ್ದನ್ನು ಹೇಳಲು ಅಷ್ಟೊಂದು ಜಾಗ ಇಟ್ಟುಕೊಂಡಿದ್ದ ನಾನು ಇನ್ನೂ ಆಗುತ್ತಿರುವವರನ್ನು ಅಳೆಯುತ್ತ ಮುಪ್ಪಾಗುತ್ತಿದ್ದೇನೆ. ಇಂದು ಬೆಳಿಗ್ಗೆ ಮಗ್ಗದ ಓಣಿಯ ರೇಷ್ಮಾ ಹಿಮ್ಮಡಿ ಊರಿ ನನಗೆ ಒರಗಿ ನಿಂತಳು. ಶಂಕ್ರವ್ವ ಅವಳ ನೆತ್ತಿಯ ಮೇಲೆ ಅಂಗೈ ಅಡ್ಡ ಇಟ್ಟು ಓದಿದಳು: ಎಂಬತ್ತೇಳೂವರೆ ಸೆಂಟಿಮೀಟರ್.